ಕಲ್ಲುಪ್ಪಿನ ಆರ್ಕಿಯಾದಲ್ಲಿ ಎಟಿಪಿಯೇಸ್ ಅಳೆದೆ: ನನ್ನ ಅನುಭವ

ಆರ್ಕಿಯಾ ಅಂದರೆ ಬ್ಯಾಕ್ಟೀರಿಯಾದಂತೆ ಕಂಡರೂ ಬೇರೆಯೇ ಗುಂಪಿನ ಏಕಕೋಶ ಜೀವಿಗಳು. ಎಟಿಪಿಯೇಸ್ ಅಂದರೆ ಕೋಶದ ಶಕ್ತಿಯ ಅಣುವಾದ ಎಟಿಪಿಯನ್ನು ಒಡೆದು ಫಾಸ್ಫೇಟ್ ಬಿಡಿಸುವ ಕಿಣ್ವ, ಆ ಫಾಸ್ಫೇಟ್ ಅಳೆದರೆ ಕಿಣ್ವದ ಚಟುವಟಿಕೆ ಗೊತ್ತಾಗುತ್ತದೆ. "4 ಮೋಲಾರ್ ಉಪ್ಪಿನಲ್ಲಿ ಫಾಸ್ಫೇಟ್ ಅಳೆಯೋದು ಆಗದ ಮಾತು" ಅಂತ ಕಲಬುರಗಿಯ ನಮ್ಮ ಲ್ಯಾಬಿನಲ್ಲಿ ಎಲ್ಲರದ್ದೂ ಒಂದೇ ರಾಗ. ಒಬ್ಬರಂತೂ ಬಾಗಿಲಲ್ಲೇ ನಿಂತು "ಏನ್ರೀ ಸರ, ಉಪ್ಪಿನಕಾಯಿ ಹಾಕ್ಲಿಕತ್ತೀರೇನು?" ಅಂತ ನಗುತ್ತಿದ್ದರು. ಈಗ ಅವರೇ ಬಂದು ವಿಧಾನ ಕೇಳುತ್ತಿದ್ದಾರೆ.

ಸೂಕ್ಷ್ಮಜೀವಿಗಳ ಬ್ಯಾಂಕಿನಿಂದ ತಳಿ ತರಿಸಲು ದುಡ್ಡಿರಲಿಲ್ಲ. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಕಲ್ಲುಪ್ಪನ್ನೇ ಮೀಡಿಯಾಕ್ಕೆ (ಬೆಳೆಸುವ ಪೋಷಕ ದ್ರವಕ್ಕೆ) ಹಾಕಿದೆ. ಉಪ್ಪು ಶೇ. 25ರ ಆಸುಪಾಸು. ಕೆಲ ವಾರಗಳಲ್ಲಿ ಆರ್ಕಿಯಾ ಬೆಳೆದು ಫ್ಲಾಸ್ಕ್ ಕೆಂಪಾಯಿತು. ಮೇ ತಿಂಗಳಲ್ಲಿ ಕರೆಂಟ್ ಹೋದರೂ ತಲೆಬಿಸಿ ಇರಲಿಲ್ಲ, ಇವಕ್ಕೆ ನಮ್ಮೂರ ಕೋಣೆಯ ಸೆಕೆಯೇ ಸಾಕು.

ಈ ಕೋಶಗಳನ್ನು ನೀರಿಗೆ ಹಾಕಿದರೆ ತಾವೇ ಒಡೆಯುತ್ತವೆ. ಸುಲಭ ಅಲ್ವಾ? ಆದರೆ ಉಪ್ಪು ಇಳಿದ ಕೂಡಲೇ ಕಿಣ್ವವೂ ಕೆಡುತ್ತದೆ. ಅದರ ಮೈತುಂಬ ಆಮ್ಲೀಯ ಅಮೈನೋ ಆಮ್ಲಗಳು, ಉಪ್ಪಿದ್ದರೇ ಅದು ಆಕಾರದಲ್ಲಿ ನಿಲ್ಲೋದು. ಹಾಗಾಗಿ ಉಪ್ಪಿನ ಬಫರಿನಲ್ಲೇ (ಆಮ್ಲತೆ ಕಾಯುವ ದ್ರಾವಣದಲ್ಲೇ) ಸೋನಿಕೇಟ್ ಮಾಡಿ, ಅಂದರೆ ಶಬ್ದದ ಅಲೆಯಿಂದ ಒಡೆಯಿರಿ. ಆ ಬಫರಿನ ಸಾಂದ್ರತೆ ನೀರಿನದ್ದರ 1.15 ಪಟ್ಟಿನ ಹತ್ತಿರ, ಕಿಣ್ವ ಕೂತಿರುವ ಪೊರೆ ಬೇಗ ತಳಕ್ಕೆ ಇಳಿಯಲ್ಲ. ಸೆಂಟ್ರಿಫ್ಯೂಜ್ ಜಾಸ್ತಿ ಹೊತ್ತು ಓಡಿಸಬೇಕು.

ನಿಜವಾದ ಕಾಟ ಅಳತೆಯದ್ದು. ಫಾಸ್ಫೇಟ್ ಅಳೆಯುವ ಕಿಟ್‌ಗೆ 40 ಸಾವಿರದ ಮೇಲೆ ಕೊಟೇಶನ್ ಬಂತು, ಮಡಚಿಟ್ಟೆ. ಎಸ್‌ಡಿಎಸ್ (ಒಂದು ಡಿಟರ್ಜೆಂಟ್) ಹಾಕಿ ಕ್ರಿಯೆ ನಿಲ್ಲಿಸಲು ಹೋದರೆ ಮಾದರಿಯಲ್ಲಿದ್ದ ಪೊಟ್ಯಾಸಿಯಂ ಜೊತೆ ಸೇರಿ ಟ್ಯೂಬ್ ತುಂಬ ಬಿಳಿ ಗಸಿ. ಪರ್ಕ್ಲೋರಿಕ್ ಆಮ್ಲದಲ್ಲಿ ಕಲಸಿದ ಮ್ಯಾಲಕೈಟ್ ಗ್ರೀನ್ ಬಣ್ಣ (ಫಾಸ್ಫೇಟ್ ಅಳೆಯಲು) ಹಾಕಿದರೆ ಪೊಟ್ಯಾಸಿಯಂ ಪರ್ಕ್ಲೋರೇಟ್ ಹರಳು. ಕೊನೆಗೆ ಟಿಸಿಎ (ಟ್ರೈಕ್ಲೋರೋಅಸಿಟಿಕ್ ಆಮ್ಲ) ಹಾಕಿ ನಿಲ್ಲಿಸಿ, ನಮ್ಮ ದೇಶದ ಜೀವರಸಾಯನ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರು ಫಿಸ್ಕ್ ಜೊತೆ 1925ರಲ್ಲಿ ಕೊಟ್ಟ, ಫಾಸ್ಫೇಟ್ ಇದ್ದರೆ ನೀಲಿ ಬರುವ ಹಳೇ ಮಾಲಿಬ್ಡೇಟ್ ವಿಧಾನಕ್ಕೇ ಬಂದೆ. ಅಪಕರ್ಷಣಕ್ಕೆ ಅಗ್ಗದ ಫೆರಸ್ ಸಲ್ಫೇಟ್. ಆದರೂ ಫಾಸ್ಫೇಟ್ ಇರಬಾರದ ಬ್ಲ್ಯಾಂಕ್ ಟ್ಯೂಬೂ ನೀಲಿ! ಪಾತ್ರೆ ತೊಳೆಯುವ ಪುಡಿಯಲ್ಲಿ ಫಾಸ್ಫೇಟ್ ಇತ್ತು. ಹೊಸ ಪ್ಲಾಸ್ಟಿಕ್ ಟ್ಯೂಬ್ ತಂದ ಮೇಲೆ ಬ್ಲ್ಯಾಂಕ್ ತಿಳಿಯಾಯಿತು. ಉಪ್ಪಿಗೆ ತಕ್ಕಂತೆ ಆಮ್ಲ, ಮಾಲಿಬ್ಡೇಟ್ ಎಷ್ಟೆಷ್ಟು ಅಂತ ಈಗ ಕೇಳಬೇಡಿ. ಮೊದಲು ಪೇಪರ್ ಹೋಗಲಿ.

ಬಣ್ಣ ಬಂದ ಮೇಲೂ "ಬ್ಯಾಕ್ಟೀರಿಯಾ ಸೇರಿರಬೇಕು" ಅಂದರು. ಕಿಣ್ವ ತಡೆಯುವ ಅಜೈಡ್ ಹಾಕಿ ತೋರಿಸಿದೆ. ಬ್ಯಾಕ್ಟೀರಿಯಾದ ಎಫ್-ಮಾದರಿ ಕಿಣ್ವವಾಗಿದ್ದರೆ ಅಲ್ಲೇ ಸೋಲಬೇಕಿತ್ತು, ಇದು ಕದಲಲಿಲ್ಲ. ನೈಟ್ರೇಟ್ ಹಾಕಿದಾಗ ಅರ್ಧಕ್ಕಿಂತ ಕೆಳಗಿಳಿಯಿತು. ಅದು ಆರ್ಕಿಯಾದ ಎ-ಮಾದರಿ ಕಿಣ್ವದ ಗುರುತು. ಮೂರು ಎ, ಮೂರು ಬಿ ಪ್ರೋಟೀನ್ ಘಟಕಗಳು ಒಂದು ಬಿಟ್ಟು ಒಂದು ಕೂತ ಉಂಗುರ ಅದು. ಎಟಿಪಿ ಬಂದು ಕೂರೋದು ಎ, ಬಿ ನಡುವಿನ ಸಂದಿಯಲ್ಲಿ. ಎ ಘಟಕದ ಲೈಸಿನ್ ಫಾಸ್ಫೇಟ್ ಬಾಲವನ್ನು ಹಿಡಿಯುತ್ತದೆ, ನೀರಿನ ಅಣು ಕೊನೆಯ ಫಾಸ್ಫೇಟನ್ನು ಬಿಡಿಸುತ್ತದೆ, ನಡುವಿನ ದಂಡ ಒಂದು ಹೆಜ್ಜೆ ತಿರುಗುತ್ತದೆ. ಜೀವಂತ ಕೋಶದಲ್ಲಿ ಬಹುಪಾಲು ಇದು ಉಲ್ಟಾ ತಿರುಗಿ ಎಟಿಪಿ ತಯಾರಿಸುತ್ತದೆ, ಅದು ಬೇರೆ ಮಾತು.

ಸುಮ್ನೆ ಕುತೂಹಲಕ್ಕೆ ಮಾರ್ಕೆಟ್‌ನಿಂದ ಗುಲಾಬಿ ಬಣ್ಣಕ್ಕೆ ತಿರುಗಿದ ಉಪ್ಪುಮೀನು ತಂದೂ ಬೆಳೆಸಿದೆ. ಅದರಲ್ಲೂ ಚಟುವಟಿಕೆ ಸಿಕ್ಕಿತು. ವಾಸನೆಗೆ ಪಕ್ಕದ ಲ್ಯಾಬಿನವರು ಜಗಳಕ್ಕೆ ಬಂದರು, ಬಿಟ್ಟೆ.

ಖರ್ಚು ಒಟ್ಟು 6–7 ಸಾವಿರ ಆಗಿರಬಹುದು. ಅದರಲ್ಲಿ ದೊಡ್ಡ ಪಾಲು ಎಟಿಪಿಗೇ ಹೋಯಿತು.