ಕಥೆ ಗೊತ್ತಾದ ಮೇಲೆ ನೋಡುವ ಸಿನಿಮಾ

ಕರ್ಣಪರ್ವದ ಯಕ್ಷಗಾನ ಆಟಕ್ಕೆ ಹೋಗುವವರು ಯಾರೂ ಕರ್ಣನಿಗೆ ಕೊನೆಗೆ ಏನಾಗುತ್ತದೆ ಅಂತ ತಿಳಿದುಕೊಳ್ಳಲು ಹೋಗುವುದಿಲ್ಲ. ಕಥೆ ಮಕ್ಕಳಿಗೂ ಗೊತ್ತು. ಇವತ್ತು ಕರ್ಣ ಯಾರು, ಶಲ್ಯ ರಥ ಇಳಿದು ಹೋಗುವಾಗ ಅವನ ಬಾಯಲ್ಲಿ ಎಂಥ ಮಾತು ಬರುತ್ತದೆ, ಭಾಗವತರು ಯಾವ ಪದ್ಯಕ್ಕೆ ಜಾಸ್ತಿ ಹೊತ್ತು ಕೊಡುತ್ತಾರೆ, ಇದಕ್ಕೋಸ್ಕರ ರಾತ್ರಿಯಿಡೀ ಕೂರುತ್ತಾರೆ. ಸಿನಿಮಾ ವಿಷಯಕ್ಕೆ ಬಂದರೆ ಮಾತ್ರ ನಮ್ಮದು ಉಲ್ಟಾ. 'ಕಥೆ ಹೇಳ್ಬೇಡ ಮಾರಾಯ, ಇನ್ನೂ ನೋಡಿಲ್ಲ' ಅಂತ ಕಿವಿ ಮುಚ್ಚಿಕೊಳ್ಳುತ್ತೇವೆ. ಒಮ್ಮೆ ನೋಡಿದರೆ ಮುಗೀತು, ಅದು ಖರ್ಚಾಗಿ ಹೋದ ಹಾಗೆ.

ನಾನು ಕೆಲವು ವರ್ಷಗಳಿಂದ ಸಿನಿಮಾವನ್ನೂ ಆಟ ನೋಡಿದ ಹಾಗೆ ನೋಡುತ್ತಿದ್ದೇನೆ. ಒಮ್ಮೆ ಕಥೆಗೆ, ಇನ್ನೊಮ್ಮೆ ಉಳಿದಿದ್ದಕ್ಕೆ.

ಮತ್ತೆ ಮತ್ತೆ ನೋಡುವುದು ನಮ್ಮವರಿಗೆ ಹೊಸದೇನೂ ಅಲ್ಲ. 1972ರ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು ಅಂದರೆ, ಒಂದೊಂದೇ ಸಲ ನೋಡಿದವರಿಂದ ಓಡಿರಲು ಸಾಧ್ಯವೇ ಇಲ್ಲ. ಅದು ಪ್ರೀತಿಗೆ ನೋಡಿದ್ದು. 1998ರಲ್ಲಿ ಉಪೇಂದ್ರ ಅವರ 'ಎ' ಬಂದಾಗ ಪೋಸ್ಟರ್ ಮೇಲೆ 'ಬುದ್ಧಿವಂತರಿಗೆ ಮಾತ್ರ' ಅಂತ ಹಾಕಿದ್ದರು. ಕಥೆ ಹಿಂದುಮುಂದು. ಅರ್ಥವಾಗಲಿಲ್ಲ ಅಂತ ಒಪ್ಪಿಕೊಳ್ಳಲು ಯಾರಿಗೆ ತಾನೇ ಇಷ್ಟ? ಜನ ಇನ್ನೊಂದು ಟಿಕೆಟ್ ತಗೊಂಡು ಒಳಗೆ ಹೋದರು. ಅದು ಹಟಕ್ಕೆ ನೋಡಿದ್ದು. ನನ್ನದು ಇವೆರಡೂ ಅಲ್ಲ. ಕಥೆಯ ಕಾಟ ತಪ್ಪಿದ ಮೇಲೆ ಮನುಷ್ಯರು ಕಾಣುತ್ತಾರಾ ಅಂತ ನೋಡುವುದು.

ಎಲ್ಲ ಸಿನಿಮಾಕ್ಕೂ ಈ ಯೋಗ್ಯತೆ ಇರುವುದಿಲ್ಲ. ಅದನ್ನು ಪರೀಕ್ಷೆ ಮಾಡಲು ನನ್ನದೊಂದು ಸುಲಭದ ದಾರಿ ಇದೆ. ಸಿನಿಮಾ ಮುಗಿದ ಕೂಡಲೇ ಏಳುವುದಿಲ್ಲ. ಮೊದಲ ಹತ್ತು ನಿಮಿಷವನ್ನು ಮತ್ತೆ ಹಾಕುತ್ತೇನೆ. ಆ ಹತ್ತು ನಿಮಿಷದಲ್ಲಿ ಒಂದಾದರೂ ಮಾತು, ಒಂದಾದರೂ ಮುಖ ಈಗ ಬೇರೆ ಥರ ಕಂಡರೆ ಆ ಸಿನಿಮಾವನ್ನು ಪಟ್ಟಿಗೆ ಸೇರಿಸುತ್ತೇನೆ. ಏನೂ ಕಾಣದಿದ್ದರೆ ಅಲ್ಲಿಗೆ ನಮಸ್ಕಾರ. ಪೂರ್ತಿ ಎರಡನೇ ಸಲ ನೋಡುವುದು ಕೆಲವು ತಿಂಗಳು ಕಳೆದ ಮೇಲೆ. ತಕ್ಷಣ ನೋಡಿದರೆ ನೆನಪಿನ ಬಲದ ಮೇಲೆ ನೋಡುತ್ತೇವೆ, ಕಣ್ಣು ಸುಮ್ನೆ ತೆರೆದಿರುತ್ತದೆ ಅಷ್ಟೆ.

ಇಲ್ಲಿಂದ ಮುಂದೆ ಕಥೆ ಬಿಟ್ಟುಕೊಡದೆ ಹೇಳಲು ಆಗುವುದಿಲ್ಲ. ನೋಡದೇ ಇರುವವರು ನೋಡಿ ಬಂದು ಓದಿ.

ಈ ಹತ್ತು ನಿಮಿಷದ ಪರೀಕ್ಷೆ ನನಗೆ ಹೊಳೆದದ್ದೇ ರಾಮ್ ರೆಡ್ಡಿ ಅವರ 'ತಿಥಿ'ಯಿಂದ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದ ಹೊಸ ನಿರ್ದೇಶಕರ ವಿಭಾಗದಲ್ಲಿ ಗೋಲ್ಡನ್ ಲೆಪರ್ಡ್ ಗೆದ್ದು, ಮರುವರ್ಷ ಇಲ್ಲಿ ತೆರೆಗೆ ಬಂದ ಸಿನಿಮಾ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ನಟರಲ್ಲದ ಹಳ್ಳಿ ಜನರನ್ನೇ ಹಾಕಿಕೊಂಡು ಮಾಡಿದ್ದು. 101 ವರ್ಷದ ಸೆಂಚುರಿ ಗೌಡ ಬೀದಿ ಬದಿಯಲ್ಲಿ ಕೂತು ಹೋಗಿ ಬರುವವರನ್ನೆಲ್ಲ ಕಿಚಾಯಿಸುತ್ತಾ, ಬೈಯುತ್ತಾ ಇರುತ್ತಾನೆ. ಎದ್ದು ಸ್ವಲ್ಪ ಆಚೆ ಹೋದವನು ಅಲ್ಲೇ ಬಿದ್ದು ಸಾಯುತ್ತಾನೆ. ಅಲ್ಲಿಂದ 11ನೇ ದಿನದ ತಿಥಿವರೆಗಿನ ಕಥೆ.

ಸೆಂಚುರಿ ಗೌಡನ ಮಗ ಗಡ್ಡಪ್ಪ. ಅಪ್ಪ ಸತ್ತ ಅಂದರೆ ಇವನಿಗೆ ಏನೂ ಅನ್ನಿಸುವುದಿಲ್ಲ. ಬೀಡಿ, ಟೈಗರ್ ಬ್ರಾಂದಿ, ಹೊಲದ ಬದುವಿನ ಮೇಲೆ ನಡಿಗೆ. ಆಸ್ತಿ ಬೇಡ, ಮನೆ ಬೇಡ. ಮೊದಲ ಸಲ ನೋಡುವಾಗ ನಾನು ಅವನನ್ನು ಕಂಡು ನಕ್ಕಿದ್ದೇ ನಕ್ಕಿದ್ದು. ಒಂಥರಾ ಅವಧೂತ, ಎಲ್ಲ ಬಿಟ್ಟವನು ಅಂತ ಗೌರವವೂ ಬಂತು. ಅವನ ಮಗ ತಮ್ಮಣ್ಣನಿಗೆ ಜಮೀನು ಮಾರುವ ಅವಸರ. ಅಪ್ಪ ಜಪ್ಪಯ್ಯ ಅನ್ನದ ಕಾರಣ, ಅವನು ಸತ್ತೇ ಹೋಗಿದ್ದಾನೆ ಅಂತ ಕಾಗದ ಮಾಡಿಸಿ, ಊರೂರು ಸುತ್ತಿ ಬಾ ಅಂತ ದುಡ್ಡು ಕೊಟ್ಟು ಕಳಿಸುತ್ತಾನೆ. ಗಡ್ಡಪ್ಪ ಹೋಗಿ ಕುರಿಗಾಹಿಗಳ ಬಿಡಾರ ಸೇರಿಕೊಳ್ಳುತ್ತಾನೆ.

ಅಲ್ಲಿ, ಆ ಅಪರಿಚಿತರ ಮುಂದೆ, ಗಡ್ಡಪ್ಪ ಮೊದಲ ಸಲ ತನ್ನ ಬಗ್ಗೆ ಬಾಯಿ ಬಿಡುತ್ತಾನೆ. ತನ್ನ ಹೆಂಡತಿಗೂ ತನ್ನ ಅಪ್ಪನಿಗೂ ನಡುವೆ ಏನಿತ್ತು ಅನ್ನುವುದನ್ನು ಹೇಳುತ್ತಾನೆ. ಅಳುವುದಿಲ್ಲ, ಕೂಗುವುದಿಲ್ಲ. ಆ ಪಾತ್ರ ಮಾಡಿದ ಚನ್ನೇಗೌಡರು ಅದನ್ನು ಯಾರದೋ ವಿಷಯ ಹೇಳಿದ ಹಾಗೆ ಹೇಳಿ ಮುಗಿಸುತ್ತಾರೆ.

ಈಗ ಇದನ್ನು ತಲೆಯಲ್ಲಿಟ್ಟುಕೊಂಡು ಮೊದಲಿಗೆ ಹೋಗಿ. ಬೀದಿ ಬದಿ ಕೂತ ಆ ಮುದುಕ ಈಗ ತಮಾಷೆಯ ತಾತ ಅಲ್ಲ. ಅವನ ಯೌವನದ ಹೆಣ್ಣಿನ ಚಟದ ಬಗ್ಗೆ ಊರವರು ನಗಾಡುವಾಗ ನಗು ಬರುವುದಿಲ್ಲ. ಸುದ್ದಿ ಕೇಳಿಯೂ ತನ್ನ ಪಾಡಿಗೆ ನಡೆದು ಹೋಗುವ ಗಡ್ಡಪ್ಪ ಅದೇ ಗಡ್ಡಪ್ಪ, ಅದೇ ಗಡ್ಡ, ಅದೇ ಬೀಡಿ. ಆದರೆ ಅವನು ಬೇಡ ಅನ್ನುತ್ತಿರುವುದು ಬರೀ ಆಸ್ತಿಯನ್ನಲ್ಲ, ಆ ಅಪ್ಪನ ಆಸ್ತಿಯನ್ನು. ಅವಧೂತನೂ ಅಲ್ಲ, ಎಂಥದೂ ಅಲ್ಲ. ಮನೆಗೆ ಹೋಗಲಾಗದೆ ಹೊರಗೇ ಉಳಿದ ಮನುಷ್ಯ. ನಿರ್ದೇಶಕರು ಮೊದಲ ಸಲವೂ ಏನನ್ನೂ ಬಚ್ಚಿಟ್ಟಿರಲಿಲ್ಲ. ಎಲ್ಲ ಕಣ್ಣ ಮುಂದೇ ಇತ್ತು, ನಾನು ನಗುತ್ತಾ ಇದ್ದೆ.

'ತಿಥಿ'ಯನ್ನು ಎರಡನೇ ಸಲ ಹೆಡ್‌ಫೋನ್ ಹಾಕಿಕೊಂಡು ನೋಡಿದೆ. ಇದಕ್ಕೆ ಹಿನ್ನೆಲೆ ಸಂಗೀತ ಇಲ್ಲ ಅನ್ನುವುದೇ ಮೊದಲ ಸಲ ಗಮನಕ್ಕೆ ಬಂದಿರಲಿಲ್ಲ. ಯಾವಾಗ ನಗಬೇಕು, ಯಾವಾಗ ಮರುಗಬೇಕು ಅಂತ ಪಿಟೀಲು ಬಂದು ಹೇಳುವುದಿಲ್ಲ. ಕುರಿಗಳ ಸದ್ದು, ಬೈಕು, ಯಾರೋ ಯಾರನ್ನೋ ದೂರದಿಂದ ಕರೆಯುವುದು. ಇಷ್ಟರಲ್ಲೇ ನಾವು ತೀರ್ಮಾನ ಮಾಡಿಕೊಳ್ಳಬೇಕು. ಅಂದಿನಿಂದ ಎರಡನೇ ಸಲ ನೋಡುವಾಗ ಹೆಡ್‌ಫೋನ್ ಕಡ್ಡಾಯ. ಯಾವುದಾದರೂ ಸೀನು ತುಂಬಾ ಹಿಡಿಸಿದರೆ ಅದನ್ನೇ ಸದ್ದು ಪೂರ್ತಿ ಬಂದ್ ಮಾಡಿ ಇನ್ನೊಮ್ಮೆ ನೋಡುತ್ತೇನೆ. ಮಾತು ಕೇಳಿಸದೇ ಇದ್ದಾಗ ಕೈಗಳು ಏನು ಮಾಡುತ್ತಿವೆ ಅಂತ ಕಾಣುತ್ತದೆ. ಮನೆಯಲ್ಲಿ ಇದಕ್ಕೆ ಹುಚ್ಚು ಅನ್ನುತ್ತಾರೆ, ಇರಲಿ.

ಇನ್ನು 'ಲೂಸಿಯಾ'. 2013ರಲ್ಲಿ ಪವನ್ ಕುಮಾರ್ ಜನರಿಂದಲೇ ದುಡ್ಡು ಒಟ್ಟು ಮಾಡಿ ತೆಗೆದದ್ದು. ಚಿತ್ರಮಂದಿರದಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುವ ನಿಕ್ಕಿಗೆ ನಿದ್ದೆ ಬರುವುದಿಲ್ಲ. ಲೂಸಿಯಾ ಅನ್ನುವ ಮಾತ್ರೆ ಸಿಗುತ್ತದೆ. ಕನಸಿನಲ್ಲಿ ಅವನು ದೊಡ್ಡ ಸಿನಿಮಾ ಹೀರೋ. ಬಡ ಹುಡುಗನ ಬದುಕು ಬಣ್ಣದಲ್ಲಿ, ಹೀರೋ ಬದುಕು ಕಪ್ಪು ಬಿಳುಪಿನಲ್ಲಿ. ಕಪ್ಪು ಬಿಳುಪು ಅಂದರೆ ಕನಸು ಇಲ್ಲವೇ ಫ್ಲ್ಯಾಶ್‌ಬ್ಯಾಕ್ ಅಂತ ನಮಗೆ ರೂಢಿಯಾಗಿಬಿಟ್ಟಿದೆ. ಕೊನೆಗೆ ಗೊತ್ತಾಗುತ್ತದೆ, ಹೀರೋನೇ ನಿಜ, ಟಾರ್ಚ್ ಹುಡುಗನೇ ಅವನ ಕನಸು.

ಹೊರಗೆ ಬಂದವರೆಲ್ಲ ಈ ತಿರುವಿನ ಬಗ್ಗೆಯೇ ಮಾತಾಡುತ್ತಿದ್ದರು. ನನಗೆ ಎರಡನೇ ಸಲದಲ್ಲಿ ಹಿಡಿಸಿದ್ದು ಬೇರೆ. ಇದು ಒಬ್ಬ ಸ್ಟಾರ್ ಕಟ್ಟಿಕೊಂಡ ಕನಸು ಅಂತ ಗೊತ್ತಿದ್ದು ನೋಡಿದರೆ, ಬಣ್ಣದ ಭಾಗದ ಒಂದೊಂದು ಸಣ್ಣ ವಿಷಯವೂ ಅವನ ಆಸೆಯ ಪಟ್ಟಿ ಆಗಿಬಿಡುತ್ತದೆ. ಸದಾ ಬೆಳಕಿನಲ್ಲಿ ನಿಲ್ಲಬೇಕಾದವನು ಕನಸಿನಲ್ಲಿ ತನಗೆ ಕೊಟ್ಟುಕೊಂಡ ಕೆಲಸ ಯಾವುದು? ಕತ್ತಲಲ್ಲಿ ನಿಂತು ಬೇರೆಯವರ ಕಾಲಿಗೆ ಬೆಳಕು ಬಿಡುವುದು. ಅವನನ್ನು ಯಾರೂ ನೋಡುವುದಿಲ್ಲ, ಎಲ್ಲರೂ ಪರದೆ ನೋಡುತ್ತಾರೆ. ಶ್ವೇತಾ ಅವನಿಗೆ ಇಂಗ್ಲಿಷ್ ಕಲಿಸಲು ಹೊರಡುವ ಭಾಗವನ್ನು ಮೊದಲ ಸಲ ಬರೀ ಹಾಸ್ಯ ಅಂತ ನೋಡಿದ್ದೆ. ಇಂಗ್ಲಿಷ್ ಬಾರದೇ ಇದ್ದಿದ್ದರೂ ಇವಳು ನನ್ನನ್ನು ಮೆಚ್ಚುತ್ತಿದ್ದಳಾ ಅಂತ ಒಬ್ಬ ದೊಡ್ಡ ಮನುಷ್ಯ ಕನಸಿನಲ್ಲಿ ಕೇಳಿಕೊಳ್ಳುತ್ತಿದ್ದಾನೆ ಅಂತ ಎರಡನೇ ಸಲ ಅನ್ನಿಸಿತು. ಅಚ್ಯುತ್ ಕುಮಾರ್ ಅವರ ಶಂಕರಣ್ಣ ಎರಡೂ ಕಡೆ ಇದ್ದಾನೆ. ಅಲ್ಲಿ ಮ್ಯಾನೇಜರ್, ಇಲ್ಲಿ ಥಿಯೇಟರ್ ಯಜಮಾನ. ತನ್ನ ಮ್ಯಾನೇಜರ್‌ನನ್ನು ಕನಸಿನಲ್ಲಿ ಸಾಕಿದಣ್ಣನ ಹಾಗೆ ಮಾಡಿಕೊಂಡವನ ಒಂಟಿತನ ಎಷ್ಟಿರಬೇಡ?

ಇದೇ ಕಾರಣಕ್ಕೆ, ಬರೀ ತಿರುವನ್ನೇ ನಂಬಿದ ಸಿನಿಮಾಗಳು ನನ್ನ ಪಟ್ಟಿಯಲ್ಲಿ ಬಹಳ ದಿನ ಉಳಿಯುವುದಿಲ್ಲ. ಎರಡನೇ ಸಲ ಸುಳಿವು ಹುಡುಕುವ ಮಜಾ ಇರುತ್ತದೆ, ನಿಜ. ಓ ಇಲ್ಲಿ ಹೇಳಿದ್ದ, ಇಲ್ಲಿ ತೋರಿಸಿದ್ದ ಅಂತ. ಪದಬಂಧ ತುಂಬಿ ಆದ ಮೇಲೆ ಪೇಪರ್ ಯಾರಿಗೆ ಬೇಕು?

ರಕ್ಷಿತ್ ಶೆಟ್ಟಿ ಅವರ 'ಉಳಿದವರು ಕಂಡಂತೆ' ನನಗೆ ಎರಡನೇ ಸಲ ಜಾಸ್ತಿ ಹಿಡಿಸಿದ್ದಕ್ಕೆ ಕಾರಣ ತೀರಾ ಸರಳ. ಕಿವಿ. 2014ರಲ್ಲಿ ಬಂದಾಗ ಮಲ್ಪೆಯ ಆ ಕರಾವಳಿ ಕನ್ನಡ ಮೈಸೂರು ಕಡೆಯ ನನ್ನ ಕಿವಿಗೆ ಅರ್ಧಂಬರ್ಧ ಬಿದ್ದಿತ್ತು. ಮಾತು ಹಿಡಿಯುವ ಹೊತ್ತಿಗೆ ಮುಖ ತಪ್ಪುತ್ತಿತ್ತು. ಅದರ ಮೇಲೆ ಒಂದೇ ಘಟನೆಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುವ ಅಧ್ಯಾಯಗಳು. ಥಿಯೇಟರ್‌ನಲ್ಲಿ ಅದು ಹೆಚ್ಚು ನಿಲ್ಲಲಿಲ್ಲ, ಆಮೇಲೆ ಮನೆಯಲ್ಲಿ ಮತ್ತೆ ಮತ್ತೆ ನೋಡಿದವರೇ ಅದನ್ನು ಎತ್ತಿ ಹಿಡಿದರು. ನಾನೂ ಆ ಗುಂಪಿನವನು. ಎರಡನೇ ಸಲ ಮುಖ್ಯ ಪಾತ್ರ ರಿಚ್ಚಿಯನ್ನು ಬಿಟ್ಟು, ಡೆಮಾಕ್ರಸಿ ಎಂಬ ಹುಡುಗನ ಹಿಂದೆ ಕಣ್ಣು ಬಿಟ್ಟೆ. ದೊಡ್ಡವರು ಅವನನ್ನು ಲೆಕ್ಕಕ್ಕೇ ಇಟ್ಟಿಲ್ಲ. ಅವನು ಮಾತ್ರ ಎಲ್ಲರನ್ನೂ ನೋಡುತ್ತಾ ಇರುತ್ತಾನೆ. ಒಂದು ಸಣ್ಣ ಪಾತ್ರವನ್ನು ಆರಿಸಿಕೊಂಡು ಸಿನಿಮಾ ಪೂರ್ತಿ ಅದರ ಜೊತೆಗೇ ಓಡಾಡುವ ಈ ಕ್ರಮ ಆಮೇಲೆ ನನಗೆ ಚಟವೇ ಆಯಿತು.

ಅದೇ ಕ್ರಮದಲ್ಲಿ ಹಳೆಯದೊಂದಕ್ಕೂ ಹೋದೆ. ಗಿರೀಶ್ ಕಾಸರವಳ್ಳಿ ಅವರ ಮೊದಲ ಚಿತ್ರ, 1977ರ 'ಘಟಶ್ರಾದ್ಧ'. ಇತ್ತೀಚೆಗೆ ಅದರ ಪ್ರತಿಯನ್ನು ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಕಾಲೇಜಿನ ದಿನಗಳಲ್ಲಿ ನೋಡಿದಾಗ ನನಗಿದ್ದದ್ದು ಒಂದೇ ಆತಂಕ, ವಿಧವೆ ಯಮುನಕ್ಕನ ಗತಿ ಏನಾಗುತ್ತದೋ ಅಂತ. ವೇದ ಕಲಿಯಲು ಬಂದ ಪುಟ್ಟ ಹುಡುಗ ನಾಣಿ ನನ್ನ ಪಾಲಿಗೆ ಕಥೆ ಹೇಳುವ ಕಿಟಕಿ ಅಷ್ಟೇ ಆಗಿದ್ದ. ಈಗ ನೋಡಿದರೆ ಕಾಡುವವನು ಅವನೇ. ಅವಳು ಹಾವಿನ ಹುತ್ತದೊಳಗೆ ಕೈ ಹಾಕುವಾಗ ಅವನಿಗೆ ಭಯ ಗೊತ್ತು, ಕಾರಣ ಗೊತ್ತಿಲ್ಲ. ಪ್ರೀತಿಯಿಂದ ನೋಡಿಕೊಂಡವಳಿಗೆ ಏನೋ ಆಗುತ್ತಿದೆ, ಯಾರನ್ನು ಕೇಳಬೇಕು ಅಂತ ತಿಳಿಯದು. ನಾನೀಗ ಅಪ್ಪ ಆಗಿರುವುದೂ ಇದಕ್ಕೆ ಕಾರಣ ಇರಬಹುದು. ಸಿನಿಮಾ ಅಲ್ಲೇ ಇತ್ತು, ವಯಸ್ಸಾದದ್ದು ನನಗೆ.

ಈಗೀಗ ಕೆಲವನ್ನು ಮತ್ತೂ ಒಮ್ಮೆ ನೋಡುವಾಗ, ಮೊದಲ ಸಲ ನೋಡುವವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಷರತ್ತು ನನಗೇ: ಬಾಯಿ ಬಿಡಬಾರದು. 'ಈಗ ನೋಡು, ಈಗ ನೋಡು' ಅನ್ನುವವರ ಪಕ್ಕ ಕೂತು ಸಿನಿಮಾ ನೋಡುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ ಅಲ್ವಾ. ಹಾಗೆ 'ತಿಥಿ'ಗೆ ಅಮ್ಮನನ್ನು ಕೂರಿಸಿದ್ದೆ. ಅವಳ ತವರು ಕೆ.ಆರ್. ಪೇಟೆ ಕಡೆ. ಗಡ್ಡಪ್ಪ ಬಂದಾಗ ನಗುತ್ತಾಳೆ ಅಂತ ಕಾದೆ. ನಗಲಿಲ್ಲ. ಅಂಥ ಗಂಡಸರನ್ನು ಅವಳು ಸಾಕಷ್ಟು ಕಂಡಿದ್ದಾಳೆ. ಅವಳ ಕಣ್ಣೆಲ್ಲ ತಮ್ಮಣ್ಣನ ಮೇಲೆ. ಸಾಲ, ಕಾಗದಪತ್ರ, ಅಡುಗೆ, ಕುರಿ, ಊರವರ ಬಾಯಿ, ಎಲ್ಲಕ್ಕೂ ಅವನೊಬ್ಬನೇ ಓಡಬೇಕು. ಅಪ್ಪ ಬ್ರಾಂದಿ ಕುಡಿಯುತ್ತಾ ತಿರುಗುತ್ತಾನೆ, ಮಗ ಹುಡುಗಿ ಹಿಂದೆ ಬಿದ್ದಿದ್ದಾನೆ.

'ಪಾಪ, ಆ ಮನೇಲಿ ಕೆಲ್ಸ ಮಾಡೋನು ಅವ್ನೊಬ್ನೇ' ಅಂದಳು ಅಮ್ಮ.

ನಾನು ಎರಡು ಸಲವೂ ತಮ್ಮಣ್ಣನನ್ನು ದುರಾಸೆಯವನ ಲೆಕ್ಕಕ್ಕೆ ಹಾಕಿ ಮುಂದೆ ಹೋಗಿದ್ದೆ. ಅವನು ಸುಳ್ಳು ಕಾಗದ ಮಾಡಿಸಿದ್ದು ಸುಳ್ಳಲ್ಲ, ಆದರೆ ಅಮ್ಮ ಹೇಳಿದ್ದರಲ್ಲೂ ತಪ್ಪಿಲ್ಲ. ಮುಂದಿನ ತಿಂಗಳು ರಜೆ ಇದೆ. ತಮ್ಮಣ್ಣನ ಜೊತೆ ಒಂದು ಸಲ ಶುರುವಿನಿಂದ ನೋಡಬೇಕು.