ಮನೆಬಾಗಿಲು ಚಿತ್ರಕ್ಕೆ ಬೀಳದಂತೆ

2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶರನ್ನು ಕೊಂದದ್ದು ಅವರವರ ಮನೆಬಾಗಿಲಲ್ಲೇ. ಬೆದರಿಕೆಗೆ ಗುರಿಯಾಗಿದ್ದ ಹಿರಿಯ ಲೇಖಕಿಯೊಬ್ಬರ ಕಾರ್ಯಕ್ರಮಗಳ ಛಾಯಾಗ್ರಹಣದ ಹೊಣೆ ನನಗೆ ಬಂದಾಗ ನಾನು ಇದನ್ನೇ ಮುಂದಿಟ್ಟುಕೊಂಡು ಕೆಲಸ ಆರಂಭಿಸಿದೆ. ಅವರ ಮುಖ ನಾಡಿಗೆಲ್ಲ ಪರಿಚಿತ. ಅವರು ಎಲ್ಲಿ ವಾಸಿಸುತ್ತಾರೆ, ಯಾವ ಹೊತ್ತಿನಲ್ಲಿ ಯಾವ ದಾರಿಯಲ್ಲಿ ಓಡಾಡುತ್ತಾರೆ ಎಂಬುದು ಹೊರಗೆ ತಿಳಿಯದಂತೆ ಕಾಯಬೇಕಿತ್ತು.

ಮೊದಲ ತಪ್ಪು ನನ್ನಿಂದಲೇ ಆಯಿತು. ಅವರ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ತೆಗೆದ ಚಿತ್ರವೊಂದನ್ನು ಸಂಘಟಕರ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೇ ಅವರ ಮಗಳು ಫೋನ್ ಮಾಡಿ, "ಅಣ್ಣಾ, ಅಮ್ಮನ ಹಿಂದಿರುವ ಶೋಕೇಸಿನ ಗಾಜು ನೋಡಿ" ಎಂದರು. ದೊಡ್ಡದು ಮಾಡಿ ನೋಡಿದರೆ, ಬೀದಿಯಾಚೆಯ ಮೆಡಿಕಲ್ ಶಾಪಿನ ಬೋರ್ಡು ಉಲ್ಟಾ ಅಕ್ಷರಗಳಲ್ಲಿ, ಆದರೆ ಓದಲು ಬರುವಷ್ಟು ಸ್ಪಷ್ಟವಾಗಿ, ಆ ಗಾಜಿನಲ್ಲಿ ಮೂಡಿತ್ತು. ಕೂಡಲೇ ಅಳಿಸಿದೆ, ಗುಂಪಿನಲ್ಲಿದ್ದ ಒಬ್ಬೊಬ್ಬರಿಗೂ ಕರೆ ಮಾಡಿ ಅವರವರ ಫೋನಿನಿಂದಲೂ ಅಳಿಸುವಂತೆ ಬೇಡಿಕೊಂಡೆ. ಅದು ಎಲ್ಲೂ ಉಳಿದಿಲ್ಲವೆಂದು ಇಂದಿಗೂ ಖಚಿತವಾಗಿ ಹೇಳಲಾರೆ.

ಅಂದಿನಿಂದ ಅವರ ಮನೆಯಲ್ಲಿ ಕ್ಯಾಮೆರಾ ತೆಗೆಯುವುದನ್ನೇ ಬಿಟ್ಟೆ. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆಯ್ಕೆಯನ್ನು ಆಫ್ ಮಾಡಿದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಸ್ಥಳದ ಮಾಹಿತಿ ಕಳಚಿಹೋಗುತ್ತದೆ. ಆದರೆ ಗುಣಮಟ್ಟ ಕೆಡದಿರಲೆಂದು ಡಾಕ್ಯುಮೆಂಟ್ ಆಗಿ ಕಳಿಸಿದರೆ ಅಕ್ಷಾಂಶ, ರೇಖಾಂಶಗಳೂ ಅದರೊಂದಿಗೇ ಹೋಗುತ್ತವೆ ಎಂಬುದನ್ನು ಸಂಘಟಕರಿಗೆ ಪ್ರತಿ ಸಲವೂ ವಿವರಿಸಬೇಕಾಗುತ್ತದೆ. 2022ರಲ್ಲಿ, ಬೀದಿಬೀದಿಯ ಚಿತ್ರಗಳನ್ನು ನಕ್ಷೆಯಲ್ಲಿ ತೋರಿಸುವ ಗೂಗಲ್ ಸ್ಟ್ರೀಟ್ ವ್ಯೂ ಬೆಂಗಳೂರಿಗೆ ಬಂದ ಮೇಲೆ ಮನೆಯ ಚಿತ್ರವನ್ನು ಮಸುಕುಗೊಳಿಸಲು ಕೋರಿಕೆ ಸಲ್ಲಿಸಿದೆವು. ಸಾಲುಮನೆಗಳ ನಡುವೆ ಒಂದೇ ಮನೆ ಮಸುಕಾದರೆ ಅದೇ ಗುರುತಾದೀತೆಂದು, ಒಮ್ಮೆ ಮಸುಕುಗೊಳಿಸಿದ್ದನ್ನು ಮತ್ತೆ ಸರಿಪಡಿಸಲಾಗದೆಂದೂ ತಿಳಿಸಿ, ತಮ್ಮ ಮನೆಗಳನ್ನೂ ಮಸುಕುಗೊಳಿಸಲು ಅಕ್ಕಪಕ್ಕದವರನ್ನು ಕೇಳಿಕೊಂಡೆವು. ಎರಡೂ ಮನೆಯವರು ಒಪ್ಪಿದರು.

ಸಭೆಗಳಲ್ಲಿ ವೇದಿಕೆಯ ಚಿತ್ರಗಳಿಗೆ ನಮ್ಮ ಅಡ್ಡಿಯಿಲ್ಲ. ಕಾರು, ಅದರ ನಂಬರ್ ಪ್ಲೇಟು, ಅವರು ಬರುವ ಮತ್ತು ಹೊರಡುವ ಬಾಗಿಲುಗಳನ್ನು ಮಾತ್ರ ತೆಗೆಯಬಾರದೆಂದು ಪತ್ರಿಕಾ ಛಾಯಾಗ್ರಾಹಕರಲ್ಲಿ ಮೊದಲೇ ವಿನಂತಿಸುತ್ತೇನೆ. ಬಹುತೇಕರು ಒಪ್ಪುತ್ತಾರೆ. ಸೆಲ್ಫಿ ಕೇಳುವ ಓದುಗರನ್ನು ತಡೆಯುವುದಕ್ಕೆ ಲೇಖಕಿಯವರು ಒಪ್ಪಲಿಲ್ಲವಾದ್ದರಿಂದ, ವೇದಿಕೆಯ ಪಕ್ಕದಲ್ಲಿ ಬರಿಯ ಬಿಳಿ ಪರದೆಯೊಂದನ್ನು ಕಟ್ಟಿ, ಅದರ ಮುಂದೆ ಕುರ್ಚಿ ಹಾಕಿ ಅವರನ್ನು ಕೂರಿಸುತ್ತೇವೆ. ನಾನು ತೆಗೆದ ಚಿತ್ರಗಳು, ಅವರು ಮನೆ ಸೇರಿದರೆಂದು ಮಗಳಿಂದ ಸಂದೇಶ ಬರುವವರೆಗೂ ನನ್ನ ಕ್ಯಾಮೆರಾದಲ್ಲೇ ಇರುತ್ತವೆ.