ನೆಟ್ ಹೋದರೂ ಲೈಬ್ರರಿ ನಡೆಯಬೇಕು: ಕಾಲೇಜಿನೊಳಗೆ ಡಿಎನ್‌ಎಸ್ ಸರ್ವರ್ ಇಟ್ಟ ನನ್ನ ಅನುಭವ

ದಾವಣಗೆರೆಯ ಒಂದು ಕಾಲೇಜಿನಲ್ಲಿ ನೆಟ್‌ವರ್ಕ್, ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಲೈಬ್ರರಿಯ ಪುಸ್ತಕಗಳ ಲೆಕ್ಕ ಇಡುವ ಕೋಹಾ ಸಾಫ್ಟ್‌ವೇರ್, ಹಾಜರಾತಿ, ಲ್ಯಾಬ್ ಪರೀಕ್ಷೆ, ಇವುಗಳ ಸರ್ವರ್‌ಗಳೆಲ್ಲ ಕ್ಯಾಂಪಸ್ ಒಳಗೇ ಇವೆ. ಆದರೂ ರಸ್ತೆ ಅಗೆಯುವಾಗ ಹೊರಗಿನ ಫೈಬರ್ ಕಟ್ ಆದರೆ ಸಾಕು, ಲೈಬ್ರರಿಯಿಂದ ಫೋನ್ ಬರುತ್ತಿತ್ತು: "ಸರ್, ಕೋಹಾ ಓಪನ್ ಆಗ್ತಿಲ್ಲ ನೋಡ್ರಿ." ಸರ್ವರ್ ಪಕ್ಕದ ಕಟ್ಟಡದಲ್ಲೇ ಇದೆ, ಕೇಬಲ್ ಸರಿ ಇದೆ. ಐಪಿ ನಂಬರ್ (ನೆಟ್‌ವರ್ಕಿನಲ್ಲಿ ಮಷೀನ್‌ನ ವಿಳಾಸ) ಹೊಡೆದರೆ ತೆರೆಯುತ್ತದೆ, ಹೆಸರು ಹೊಡೆದರೆ ಇಲ್ಲ. ಯಾಕೆಂದರೆ ಆ ಹೆಸರಿಗೆ ಯಾವ ಐಪಿ ಅಂತ ಹೇಳುವ ಸರ್ವರ್, ಅಂದರೆ ಡಿಎನ್‌ಎಸ್ ಸರ್ವರ್, ಊರ ಹೊರಗೆ ಎಲ್ಲೋ ಇತ್ತು. ನಮ್ಮ ಮನೆಯೊಳಗಿನ ಹೆಸರನ್ನು ಹೊರಗಿನವರ ಹತ್ತಿರ ಕೇಳುವ ಆ ಏರ್ಪಾಡು ನನಗೆ ಸರಿ ಕಾಣಲಿಲ್ಲ. ಒಳಗಿನ ಹೆಸರಿಗೆ ಉತ್ತರ ಒಳಗೇ ಸಿಗಬೇಕು.

ಮೊದಲು ಹೆಸರಿನ ವಿಚಾರ. ಡಾಟ್ ಲೋಕಲ್ ಅಂತ ಇಡಬೇಡಿ. 2013ರ ಆರ್‌ಎಫ್‌ಸಿ 6762 ಅನ್ನುವ ಇಂಟರ್ನೆಟ್ ನಿಯಮಪತ್ರ ಅದನ್ನು ಎಂಡಿಎನ್‌ಎಸ್‌ಗೆ, ಅಂದರೆ ಸರ್ವರ್ ಇಲ್ಲದೆ ಸಾಧನಗಳು ಪರಸ್ಪರ ಹೆಸರು ಕೇಳಿಕೊಳ್ಳುವ ವಿಧಾನಕ್ಕೆ, ಮೀಸಲಿಟ್ಟಿದೆ. ಪ್ರಿಂಟರ್‌ಗಳು, ಆಪಲ್ ಸಾಧನಗಳು ಅದನ್ನು ಬೇರೆಯೇ ದಾರಿಯಲ್ಲಿ ಹುಡುಕುತ್ತವೆ. ಡಾಟ್ ಇಂಟರ್ನಲ್ ಅನ್ನು ಖಾಸಗಿ ಬಳಕೆಗೆ ಬಿಡುವ ತೀರ್ಮಾನವನ್ನು ಇಂಟರ್ನೆಟ್ ಹೆಸರುಗಳನ್ನು ನೋಡಿಕೊಳ್ಳುವ ಸಂಸ್ಥೆ ಐಕಾನ್ 2024ರಲ್ಲಿ ಮಾಡಿತು. ನಾನು ಕಾಲೇಜಿನ ಸ್ವಂತ ಡೊಮೇನ್ ಕೆಳಗೆ 'ಒಳ' ಅಂತ ಒಂದು ಉಪಡೊಮೇನ್ ಮಾಡಿಕೊಂಡೆ. ಮುಂದೆ ಯಾರ ಜೊತೆಗೂ ಡಿಕ್ಕಿ ಆಗುವುದಿಲ್ಲ.

ಲ್ಯಾಬ್‌ನಿಂದ ತೆಗೆದಿಟ್ಟಿದ್ದ ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಡೆಬಿಯನ್ ಲಿನಕ್ಸ್ ಹಾಕಿ, ಅದರ ಮೇಲೆ ಬೈಂಡ್ 9 ಅನ್ನುವ ಡಿಎನ್‌ಎಸ್ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿದೆ. ಡಿಎನ್‌ಎಸ್‌ಗೆ ದೊಡ್ಡ ಮಷೀನ್ ಬೇಕಿಲ್ಲ. ಇನ್‌ಸ್ಟಾಲ್ ಮಾಡುವುದು ಹತ್ತು ನಿಮಿಷದ ಕೆಲಸ, ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ.

ಹೆಸರು, ಐಪಿಗಳ ಪಟ್ಟಿ ಇರುವ ಜೋನ್ ಫೈಲ್ ಬರೆಯುವಾಗ ಮಾತ್ರ ಕಣ್ಣು ಚುರುಕಾಗಿರಬೇಕು. ಅದರಲ್ಲಿ ಪೂರ್ತಿ ಹೆಸರು ಬರೆದರೆ ಕೊನೆಗೊಂದು ಚುಕ್ಕಿ ಇರಲೇಬೇಕು. ಚುಕ್ಕಿ ಇಲ್ಲದಿದ್ದರೆ ಬೈಂಡ್ ಆ ಹೆಸರಿನ ಕೊನೆಗೆ ಜೋನ್ ಹೆಸರನ್ನು ಇನ್ನೊಮ್ಮೆ ಅಂಟಿಸುತ್ತದೆ. ಕಾಲೇಜ್ ಡಾಟ್ ಇನ್ ಅಂತ ಇರಬೇಕಾದದ್ದು ಕಾಲೇಜ್ ಡಾಟ್ ಇನ್ ಡಾಟ್ ಒಳ ಡಾಟ್ ಕಾಲೇಜ್ ಡಾಟ್ ಇನ್ ಆಗಿ ಕೂತಿರುತ್ತದೆ. ವ್ಯಾಕರಣದ ಪ್ರಕಾರ ಅದು ಸರಿಯೇ ಆದ್ದರಿಂದ ಎಷ್ಟೋ ಸಲ ಎರರ್ ಕೂಡ ಬರುವುದಿಲ್ಲ. ಅದಕ್ಕೇ ನಾನು ಜೋನ್ ಫೈಲ್ ಪರೀಕ್ಷಿಸುವ ನೇಮ್ಡ್-ಚೆಕ್‌ಜೋನ್ ಕಮಾಂಡನ್ನು ಸುಮ್ನೆ ಓಡಿಸುವುದಿಲ್ಲ, ದೊಡ್ಡ ಡಿ ಆಯ್ಕೆ ಕೊಟ್ಟು ಓಡಿಸುತ್ತೇನೆ. ಆಗ ಪ್ರತಿ ಹೆಸರೂ ಪೂರ್ತಿ ರೂಪದಲ್ಲಿ ಪರದೆ ಮೇಲೆ ಬರುತ್ತದೆ. ಎರಡು ಸಲ ಅಂಟಿಕೊಂಡದ್ದು ಕಣ್ಣಿಗೆ ರಾಚುತ್ತದೆ.

ಬೈಂಡ್ ಸೆಟ್ಟಿಂಗ್‌ನಲ್ಲಿ ಇನ್ನೊಂದು ಮುಖ್ಯ ಸಾಲು ಅಲೋ-ರಿಕರ್ಷನ್. ಹೊರಗಿನ ಹೆಸರುಗಳನ್ನು ಯಾರ ಪರವಾಗಿ ಹುಡುಕಿಕೊಡಬೇಕು ಅಂತ ಅದು ಹೇಳುತ್ತದೆ. ಏನೂ ಬರೆಯದಿದ್ದರೆ, ಬೈಂಡ್ ತನಗೆ ನೇರವಾಗಿ ತಗುಲಿದ ಸಬ್‌ನೆಟ್‌ಗಳಿಗೆ (ನೆಟ್‌ವರ್ಕಿನ ತುಂಡುಗಳಿಗೆ) ಮಾತ್ರ ಉತ್ತರ ಕೊಡುತ್ತದೆ. ನಮ್ಮ ಹಾಸ್ಟೆಲ್ ಬೇರೆ ವಿಲ್ಯಾನ್‌ನಲ್ಲಿದೆ, ಅಂದರೆ ನೆಟ್‌ವರ್ಕಿನ ಬೇರೆ ಭಾಗದಲ್ಲಿದೆ. ಅಲ್ಲಿಂದ ಡಿಗ್ (ಡಿಎನ್‌ಎಸ್‌ಗೆ ಪ್ರಶ್ನೆ ಕೇಳುವ ಕಮಾಂಡ್) ಹೊಡೆದರೆ 'ರೆಫ್ಯೂಸ್ಡ್' ಅಂತ ಬರುತ್ತಿತ್ತು. ಇದಕ್ಕೆ 'ಎನಿ' (ಯಾರಿಗಾದರೂ ಸರಿ) ಅಂತ ಬರೆದು ಕೈ ತೊಳೆದುಕೊಳ್ಳುವವರು ಇದ್ದಾರೆ. ಹಾಗೆ ಮಾಡಿದ ಸರ್ವರ್ ಹೊರಗಿನಿಂದಲೂ ಸಿಗುವಂತಿದ್ದರೆ, ಸುಳ್ಳು ವಿಳಾಸದಿಂದ ಸಣ್ಣ ಪ್ರಶ್ನೆ ಕಳಿಸಿ, ದೊಡ್ಡ ಉತ್ತರವನ್ನು ಬೇರೆ ಯಾರದೋ ಮೇಲೆ ಸುರಿಸುವ ದಾಳಿಗೆ ಅದು ಅಸ್ತ್ರವಾಗುತ್ತದೆ. ನಾನು ನಮ್ಮ ಪ್ರತಿ ವಿಲ್ಯಾನ್‌ನ ಐಪಿ ವ್ಯಾಪ್ತಿಯನ್ನೂ ಒಂದೊಂದಾಗಿ ಬರೆದೆ. ಫೈರ್‌ವಾಲ್‌ನಲ್ಲಿ ಡಿಎನ್‌ಎಸ್ ಬಳಸುವ 53ನೇ ಪೋರ್ಟನ್ನು ಯುಡಿಪಿಗೆ ಮಾತ್ರ ಅಲ್ಲ, ಟಿಸಿಪಿಗೂ ತೆರೆದೆ (ಇವು ಡೇಟಾ ಕಳಿಸುವ ಎರಡು ವಿಧಾನ). ಉತ್ತರ ದೊಡ್ಡದಾದರೆ ಟಿಸಿಪಿ ಬೇಕೇ ಬೇಕು.

ನನಗೆ ಅತಿ ಹೆಚ್ಚು ಕಲಿಸಿದ್ದು ಒಂದು ಬೇಸಿಗೆ ರಜೆ. ರಜೆಯಲ್ಲಿ ಆ ಕಟ್ಟಡದ ಕರೆಂಟ್ ಪೂರ್ತಿ ತೆಗೆದಿದ್ದರು. ಕಾಲೇಜು ಶುರುವಾದ ಬೆಳಿಗ್ಗೆ ಕೋಹಾ ಚೆನ್ನಾಗಿ ತೆರೆಯಿತು, ಹಾಜರಾತಿಯೂ ಓಡಿತು. ಹೊರಗಿನ ಒಂದು ವೆಬ್‌ಸೈಟೂ ಬರಲಿಲ್ಲ. ಎಲ್ಲದಕ್ಕೂ 'ಸರ್ವ್‌ಫೇಲ್', ಅಂದರೆ ಉತ್ತರ ಕೊಡಲು ಆಗಲಿಲ್ಲ ಅಂತ. ಆದರೆ ಲೈನ್ ಇತ್ತು, ಹೊರಗಿನ ಐಪಿಗೆ ಪಿಂಗ್ ಹೋಗುತ್ತಿತ್ತು. ಡಿಗ್ ಜೊತೆ ಪ್ಲಸ್ ಸಿಡಿ ಹಾಕಿ ಕೇಳಿದೆ, ಅಂದರೆ ಸಹಿ ಪರೀಕ್ಷೆ ಬೇಡ ಅಂತ. ತಕ್ಷಣ ಉತ್ತರ ಬಂತು. ಹಾಗಾದರೆ ತೊಂದರೆ ಡಿಎನ್‌ಎಸ್‌ಸೆಕ್‌ನಲ್ಲಿದೆ, ಅಂದರೆ ಉತ್ತರ ಅಸಲಿಯೇ ಅಂತ ಡಿಜಿಟಲ್ ಸಹಿ ನೋಡುವ ಪರೀಕ್ಷೆಯಲ್ಲಿದೆ ಅಂತಾಯಿತು.

ಡೇಟ್ ಕಮಾಂಡ್ ಹೊಡೆದಾಗ ಗುಟ್ಟು ಸಿಕ್ಕಿತು. ಮದರ್‌ಬೋರ್ಡಿನ ಸಿಆರ್2032 ಬಟನ್ ಸೆಲ್ ಸತ್ತಿತ್ತು. ಮಷೀನ್‌ನ ಗಡಿಯಾರ ರಜೆಗೆ ಮುಂಚಿನ ತಾರೀಖಿನಲ್ಲೇ ನಿಂತಿತ್ತು. ಎಲ್ಲ ಹೆಸರುಗಳಿಗೂ ಮೇಲಿರುವ ರೂಟ್ ಜೋನ್‌ಗೆ 2010ರಿಂದ ಸಹಿ ಇದೆ, ಆ ಸಹಿಗೆ ಶುರುವಾಗುವ ಮತ್ತು ಮುಗಿಯುವ ತಾರೀಖುಗಳಿರುತ್ತವೆ. ನಮ್ಮ ಸರ್ವರ್ ಲೆಕ್ಕದಲ್ಲಿ ಆ ಸಹಿಗಳಿನ್ನೂ ಜಾರಿಗೇ ಬಂದಿಲ್ಲ! ರೂಟ್ ಸಹಿಯನ್ನೇ ನಂಬದ ಮೇಲೆ ಅದರ ಕೆಳಗಿನ ಯಾವ ಹೆಸರನ್ನೂ ಅದು ಕೊಡುವುದಿಲ್ಲ. ಟೈಮ್ ತಾನಾಗಿ ಸರಿಯಾಗಬೇಕಿತ್ತಲ್ವಾ? ಆಗುತ್ತಿರಲಿಲ್ಲ. ಟೈಮ್ ಹೇಳುವ ಎನ್‌ಟಿಪಿ ಸರ್ವರನ್ನು ಹೆಸರಿನಿಂದ ಕೊಟ್ಟಿತ್ತು, ಆ ಹೆಸರು ಬಿಡಿಸಲು ಇದೇ ಡಿಎನ್‌ಎಸ್ ಬೇಕು. ಟೈಮ್ ಇಲ್ಲದೆ ಹೆಸರಿಲ್ಲ, ಹೆಸರಿಲ್ಲದೆ ಟೈಮ್ ಇಲ್ಲ.

ಎಷ್ಟೋ ಜನ ಇಂಥ ಹೊತ್ತಿನಲ್ಲಿ ಡಿಎನ್‌ಎಸ್‌ಸೆಕ್ ಪರೀಕ್ಷೆಯನ್ನೇ ಆಫ್ ಮಾಡಿಬಿಡುತ್ತಾರೆ. ನಾನು ಅದಕ್ಕೆ ಒಪ್ಪುವುದಿಲ್ಲ. ಮಕ್ಕಳು, ಮೇಷ್ಟ್ರುಗಳು ಬ್ಯಾಂಕಿಗೆ ಹೋಗುವುದೂ ಇದೇ ದಾರಿಯಲ್ಲಿ. ಹೊಸ ಸೆಲ್ ಹಾಕಿದೆ. ಕ್ಯಾಂಪಸ್ ಫೈರ್‌ವಾಲ್ ಎನ್‌ಟಿಪಿ ಸೇವೆ ಕೊಡುತ್ತದೆ, ಅದನ್ನು ಐಪಿ ನಂಬರಿನಿಂದಲೇ ಕ್ರೋನಿಗೆ (ಗಡಿಯಾರ ಸರಿಮಾಡುವ ಪ್ರೋಗ್ರಾಂಗೆ) ಕೊಟ್ಟೆ. ನಿಮ್ಮ ಡಿಎನ್‌ಎಸ್ ಸರ್ವರ್‌ನಲ್ಲೂ ಒಂದು ಟೈಮ್ ಮೂಲವಾದರೂ ನಂಬರಿನಲ್ಲಿರಲಿ.

ಆಮೇಲೆ ಮೊದಲನೆಯದರಿಂದ ಜೋನ್ ನಕಲು ಮಾಡಿಕೊಳ್ಳುವ ಎರಡನೇ ಸರ್ವರ್ ಇಟ್ಟೆ, ಹಾಸ್ಟೆಲ್ ಕಡೆ, ಬೇರೆ ಯುಪಿಎಸ್ ಮೇಲೆ. ಜೋನ್‌ನ ಮುಖ್ಯ ವಿವರಗಳಿರುವ ಎಸ್‌ಒಎ ದಾಖಲೆಯ ಎಕ್ಸ್‌ಪೈರ್ ಬೆಲೆಯನ್ನು 2419200 ಸೆಕೆಂಡ್, ಅಂದರೆ 28 ದಿನ ಮಾಡಿದೆ. ಮೊದಲನೆಯದು ರಜೆಯಲ್ಲಿ ಆಫ್ ಆದರೂ ಅಷ್ಟು ದಿನ ಎರಡನೆಯದು ಒಳಗಿನ ಹೆಸರುಗಳನ್ನು ಹೇಳುತ್ತಲೇ ಇರುತ್ತದೆ. ಜೋನ್ ನಕಲು ಮಾಡಿಕೊಳ್ಳಲು ಅದೊಂದಕ್ಕೇ ಅನುಮತಿ.

ಕಂಪ್ಯೂಟರ್‌ಗಳಿಗೆ ಐಪಿ, ಡಿಎನ್‌ಎಸ್ ವಿಳಾಸ ತಾನಾಗಿ ಹಂಚುವ ಡಿಎಚ್‌ಸಿಪಿಯಲ್ಲಿ ಈ ಎರಡೂ ಸರ್ವರ್ ಕೊಟ್ಟಿದ್ದೇನೆ, ಮೂರನೆಯದು ಇಲ್ಲ. 'ಇರಲಿ ಬಿಡಿ ಸರ್, ಬ್ಯಾಕಪ್‌ಗೆ' ಅಂತ ಗೂಗಲ್‌ನ ಡಿಎನ್‌ಎಸ್ 8.8.8.8 ಸೇರಿಸಲು ಒಬ್ಬರು ಸಲಹೆ ಕೊಟ್ಟಿದ್ದರು. ಆದರೆ ಕಂಪ್ಯೂಟರ್‌ಗಳು ಪಟ್ಟಿಯನ್ನು ಯಾವಾಗಲೂ ಮೇಲಿನಿಂದ ಕೆಳಕ್ಕೆ ಓದುವುದಿಲ್ಲ. ಲಿನಕ್ಸ್‌ನಲ್ಲಿ ಹೆಸರು ಹುಡುಕುವ ಸಿಸ್ಟಮ್‌ಡಿ-ರಿಸಾಲ್ವ್‌ಡ್ ಒಮ್ಮೆ ಇನ್ನೊಂದು ಸರ್ವರ್‌ಗೆ ಹೋದರೆ ಅದಕ್ಕೇ ಅಂಟಿಕೊಳ್ಳುತ್ತದೆ. ಹೊರಗಿನ ಸರ್ವರ್‌ಗೆ ನಮ್ಮ ಒಳಗಿನ ಹೆಸರು ಗೊತ್ತಿಲ್ಲ. 'ಅಂಥ ಹೆಸರೇ ಇಲ್ಲ' ಅಂತ ಖಚಿತ ಉತ್ತರ ಕೊಡುತ್ತದೆ, ಕಂಪ್ಯೂಟರ್ ಅದನ್ನು ನಂಬುತ್ತದೆ.

ಕೋಹಾವನ್ನು ಹೊಸ ಮಷೀನ್‌ಗೆ ಸಾಗಿಸಿದಾಗ ಹಿಂದಿನ ದಿನವೇ ಅದರ ಟಿಟಿಎಲ್ ಅನ್ನು (ಉತ್ತರವನ್ನು ಎಷ್ಟು ಸೆಕೆಂಡ್ ನೆನಪಿಟ್ಟುಕೊಳ್ಳಬಹುದು ಅನ್ನುವ ಲೆಕ್ಕ) 86400ರಿಂದ 300ಕ್ಕೆ ಇಳಿಸಿದೆ. ಸಂಜೆ ಐಪಿ ಬದಲಿಸಿದ ಐದು ನಿಮಿಷದಲ್ಲಿ ಲೈಬ್ರರಿಯ ಕಂಪ್ಯೂಟರ್‌ಗಳು ಹೊಸದಕ್ಕೆ ಬಂದವು. ಮಾರನೇ ದಿನ ಟಿಟಿಎಲ್ ಮತ್ತೆ ಏರಿಸಿದೆ.

ಈಗ ಹೊಸ ಪ್ರಿಂಟರ್ ಬಂದರೆ ನಮ್ಮ ಲ್ಯಾಬ್ ಅಸಿಸ್ಟೆಂಟ್ ಮೇಡಂ ತಾವೇ ಎಂಟ್ರಿ ಹಾಕುತ್ತಾರೆ. ಜೋನ್ ಬದಲಾಗಿದೆ ಅಂತ ತಿಳಿಸುವ, ತಾರೀಖಿನ ರೂಪದ ಸೀರಿಯಲ್ ನಂಬರ್ ಏರಿಸುತ್ತಾರೆ, ಚೆಕ್‌ಜೋನ್ ಓಡಿಸುತ್ತಾರೆ, ಬೈಂಡ್ ಹೊಸ ಫೈಲ್ ಓದಲಿ ಅಂತ ಆರ್‌ಎನ್‌ಡಿಸಿ ರೀಲೋಡ್ ಕೊಡುತ್ತಾರೆ. ಕೊನೆಗೆ ಎರಡೂ ಸರ್ವರ್‌ಗೆ ಎಸ್‌ಒಎ ಕೇಳಿ ಡಿಗ್ ಹೊಡೆಯುತ್ತಾರೆ. ಎರಡರ ಸೀರಿಯಲ್ಲೂ ಒಂದೇ ಇದ್ದರೆ ಕೆಲಸ ಮುಗಿಯಿತು. ಬೇರೆ ಇದ್ದರೆ ಎರಡನೆಯದಕ್ಕೆ ಹೊಸ ಜೋನ್ ಹೋಗಿಲ್ಲ, ಲಾಗ್ ತೆರೆದು ನೋಡಬೇಕು.